ಬಿದ್ದ ಪ್ಯಾಕೆಟ್ಟಿನ ಲೆಕ್ಕ

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ನೆಟ್‌ವರ್ಕಿಗೆ ಏನನ್ನಾದರೂ ಕಳಿಸಬೇಕಾದರೆ ‘ಸೆಂಡ್’ ಎಂಬ ಸಿಸ್ಟಂ ಕಾಲ್ ಮಾಡುತ್ತದೆ. ಆ ಕಾಲ್‌ನ ಕೈಪಿಡಿಯಲ್ಲಿ, ಬರಬಹುದಾದ ಎರರ್‌ಗಳ ಪಟ್ಟಿಯ ನಡುವೆ, ಆವರಣದೊಳಗೆ ಹಾಕಿದ ಒಂದು ಮಾತಿದೆ. ನೆಟ್‌ವರ್ಕ್ ಕಾರ್ಡಿನ ಹೊರಹೋಗುವ ಕ್ಯೂ ತುಂಬಿದ್ದರೆ ‘ಇನೋಬಫ್ಸ್’ ಎಂಬ ಎರರ್ ಬರಬೇಕು. ಆದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಕ್ಯೂ ಉಕ್ಕಿದಾಗ ಪ್ಯಾಕೆಟ್ಟುಗಳನ್ನು ಸದ್ದಿಲ್ಲದೆ ಬಿಸಾಡಲಾಗುತ್ತದೆ ಎನ್ನುವುದು ಅದರ ತಾತ್ಪರ್ಯ. ಮೊದಲ ಸಲ ಓದಿದವರು ಬೆಚ್ಚುತ್ತಾರೆ. ಕಳಿಸಿದೆ ಎಂದು ಪ್ರೋಗ್ರಾಂ ನಂಬಿ ಕೂತಿದೆ, ಇತ್ತ ಪ್ಯಾಕೆಟ್ಟು ಯಂತ್ರದ ಹೊಸ್ತಿಲನ್ನೇ ದಾಟಿಲ್ಲ. ಇದು ಮೋಸವಲ್ಲವೆ?

ಬಿಸಾಡುವುದು ಮೋಸವಲ್ಲ ಎಂದು ನಾನು ವಾದಿಸುತ್ತೇನೆ. ಕಳಿಸಲಾಗದ ಪ್ಯಾಕೆಟ್ಟನ್ನು ಕೈಬಿಡುವುದು ನೆಟ್‌ವರ್ಕ್ ಡ್ರೈವರ್‌ನ ಹಕ್ಕು ಮಾತ್ರವಲ್ಲ, ಎಷ್ಟೋ ಸಲ ಅದರ ಕರ್ತವ್ಯ. ತಕರಾರು ಇರಬೇಕಾದದ್ದು ‘ಸದ್ದಿಲ್ಲದೆ’ ಎನ್ನುವುದರ ಬಗ್ಗೆ. ಪ್ಯಾಕೆಟ್ಟು ಯಾರ ಕೈಯಲ್ಲಿದ್ದಾಗ ಬಿತ್ತು, ಏಕೆ ಬಿತ್ತು, ಅದು ಹಿಡಿದಿದ್ದ ಮೆಮೊರಿಯನ್ನು ಯಾರು ಬಿಡಿಸಿದರು, ಎಲ್ಲಿ ಬರೆದಿಟ್ಟರು ಎಂಬ ನಾಲ್ಕು ಪ್ರಶ್ನೆಗಳಿಗೆ ಡ್ರೈವರ್ ಉತ್ತರ ಕೊಡಬೇಕು. ಇವತ್ತು ಬಹಳಷ್ಟು ಡ್ರೈವರ್‌ಗಳು ಪ್ಯಾಕೆಟ್ಟು ಕಳಿಸುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತವೆ, ಈ ಉತ್ತರ ಕೊಡುವ ಕೆಲಸದಲ್ಲಿ ಎಡವುತ್ತವೆ.

ಪ್ಯಾಕೆಟ್ಟು ಹೊರಗೆ ಹೋಗುವ ದಾರಿಯನ್ನು ಸ್ವಲ್ಪ ನೋಡೋಣ. ಪ್ರೋಗ್ರಾಂ ಕೊಟ್ಟ ಬೈಟುಗಳಿಗೆ ಕರ್ನಲ್ ಟಿಸಿಪಿ, ಐಪಿ, ಈಥರ್ನೆಟ್ ಹೆಡರ್‌ಗಳನ್ನು ಒಂದರ ಮೇಲೊಂದು ತೊಡಿಸುತ್ತದೆ. ಇದೆಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಪೊಟ್ಟಣಕ್ಕೆ ಕರ್ನಲ್ ಮಂದಿ ‘ಎಸ್‌ಕೆಬಿ’ ಎನ್ನುತ್ತಾರೆ. ಅದು ಕ್ಯೂನಲ್ಲಿ ನಿಂತು, ಸರದಿ ಬಂದಾಗ ಡ್ರೈವರ್‌ನ ಟ್ರಾನ್ಸ್‌ಮಿಟ್ ಫಂಕ್ಷನ್ನಿಗೆ ತಲುಪುತ್ತದೆ. ಡ್ರೈವರ್ ಮತ್ತು ಕಾರ್ಡಿನ ನಡುವೆ ಮೆಮೊರಿಯಲ್ಲಿ ಒಂದು ರಿಂಗ್ ಇರುತ್ತದೆ. ಅದರ ಒಂದೊಂದು ಮನೆಗೂ ಡಿಸ್ಕ್ರಿಪ್ಟರ್ ಎಂದು ಹೆಸರು. ಎಸ್‌ಕೆಬಿಯ ಬೈಟುಗಳು ಮೆಮೊರಿಯಲ್ಲಿ ಎಲ್ಲಿವೆಯೋ ಆ ಜಾಗವನ್ನು ಕಾರ್ಡಿಗೆ ಅರ್ಥವಾಗುವ ವಿಳಾಸವಾಗಿ ಮಾರ್ಪಡಿಸಿ (ಇದೇ ಡಿಎಂಎ ಮ್ಯಾಪಿಂಗ್), ಡಿಸ್ಕ್ರಿಪ್ಟರ್‌ನಲ್ಲಿ ಬರೆದು, ‘ಹೊಸದು ಬಂದಿದೆ’ ಎಂದು ಕಾರ್ಡಿನ ಒಂದು ರಿಜಿಸ್ಟರನ್ನು ಡ್ರೈವರ್ ತಟ್ಟುತ್ತದೆ. ಅಲ್ಲಿಗೆ ಆ ಫಂಕ್ಷನ್ನಿನ ಕೆಲಸ ಮುಗಿಯಿತು. ಬೈಟುಗಳು ತಂತಿಗೆ ಇಳಿಯುವುದು ಆಮೇಲೆ. ಇಳಿದ ಮೇಲೆ ಕಾರ್ಡು ಇಂಟರಪ್ಟ್ ಕೊಡುತ್ತದೆ, ಆಗ ಡ್ರೈವರ್ ಮ್ಯಾಪಿಂಗ್ ಬಿಚ್ಚಿ ಎಸ್‌ಕೆಬಿಯನ್ನು ಬಿಡುಗಡೆ ಮಾಡುತ್ತದೆ.

ಹಾಗಾಗಿ ಟ್ರಾನ್ಸ್‌ಮಿಟ್ ಫಂಕ್ಷನ್ ಮರಳಿಸುವ ಉತ್ತರಕ್ಕೂ ಪ್ಯಾಕೆಟ್ಟು ಹೋಯಿತೇ ಇಲ್ಲವೇ ಎನ್ನುವುದಕ್ಕೂ ಸಂಬಂಧವಿಲ್ಲ. ಲಿನಕ್ಸ್‌ನಲ್ಲಿ ಆ ಉತ್ತರ ಎರಡೇ ಬಗೆ. ಒಂದು ‘ಟಿಎಕ್ಸ್ ಓಕೆ’, ಇನ್ನೊಂದು ‘ಟಿಎಕ್ಸ್ ಬ್ಯುಸಿ’. ಮೊದಲನೆಯದು ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೊಟ್ಟಾಗ ಸಿಗುತ್ತಿದ್ದ ರಸೀದಿ: ಕಾಗದ ತಲುಪಿತು ಎಂಬುದಕ್ಕಲ್ಲ, ಇನ್ನು ಅದರ ಹೊಣೆ ನಮ್ಮದು ಎಂಬುದಕ್ಕೆ ಸಾಕ್ಷಿ. ಓಕೆ ಎಂದ ಕ್ಷಣದಿಂದ ಎಸ್‌ಕೆಬಿ ಡ್ರೈವರ್‌ನದು. ಕಳಿಸಿಯಾದರೂ ಬಿಡಿಸಬೇಕು, ಬಿಸಾಡಿಯಾದರೂ ಬಿಡಿಸಬೇಕು, ಅದೂ ಮಿತವಾದ ಸಮಯದೊಳಗೆ. ಬ್ಯುಸಿ ಎಂದರೆ ನಾನು ಇದನ್ನು ಮುಟ್ಟಿಲ್ಲ, ನೀವೇ ವಾಪಸ್ ಇಟ್ಟುಕೊಳ್ಳಿ ಎಂದು. ಹಾಗೆಂದ ಮೇಲೆ ಡ್ರೈವರ್ ಆ ಎಸ್‌ಕೆಬಿಯನ್ನು ಬಿಡಿಸಕೂಡದು, ಅದರ ಗುರುತನ್ನೂ ಇಟ್ಟುಕೊಳ್ಳಕೂಡದು.

ಒಪ್ಪಂದ ಇಷ್ಟೇ. ಎಂಟು ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಈ ಒಪ್ಪಂದವನ್ನು ಡ್ರೈವರ್‌ಗಳು ಎಷ್ಟು ಬಗೆಯಲ್ಲಿ ಮುರಿದಿವೆ ಎನ್ನುವುದಕ್ಕೆ ಕರ್ನಲ್‌ನ ಪ್ಯಾಚ್ ಇತಿಹಾಸವೇ ದಾಖಲೆ. ‘ಟ್ರಾನ್ಸ್‌ಮಿಟ್ ಫಂಕ್ಷನ್ನಿನಲ್ಲಿ ಮೆಮೊರಿ ಸೋರಿಕೆ ಸರಿಪಡಿಸಿದೆ’ ಎಂಬ ಅರ್ಥದ ಶೀರ್ಷಿಕೆಯಡಿ ವರ್ಷದಿಂದ ವರ್ಷಕ್ಕೆ, ಒಂದು ಕಂಪನಿಯ ಡ್ರೈವರ್ ಆದ ಮೇಲೆ ಇನ್ನೊಂದು ಕಂಪನಿಯದಕ್ಕೆ, ಹೆಚ್ಚುಕಡಿಮೆ ಒಂದೇ ಸಾಲಿನ ಪ್ಯಾಚು ಬರುತ್ತಲೇ ಇದೆ. ಡಿಎಂಎ ಮ್ಯಾಪಿಂಗ್ ವಿಫಲವಾದಾಗ ಡ್ರೈವರ್ ಓಕೆ ಎಂದು ಮರಳಿದೆ, ಎಸ್‌ಕೆಬಿಯನ್ನು ಬಿಡಿಸುವುದನ್ನು ಮರೆತಿದೆ. ಇದರ ತದ್ವಿರುದ್ಧವಾದ ತಪ್ಪೂ ಉಂಟು. ಎಸ್‌ಕೆಬಿಯನ್ನು ಬಿಡಿಸಿ, ಆಮೇಲೆ ಬ್ಯುಸಿ ಎನ್ನುವುದು. ಡ್ರೈವರನ್ನು ಕರೆದ ಕರ್ನಲ್‌ನ ಮೇಲಿನ ಪದರ ಅದನ್ನು ಮತ್ತೆ ಕ್ಯೂಗೆ ಸೇರಿಸುತ್ತದೆ, ಆಗಲೇ ಬೇರೆ ಯಾರಿಗೋ ಹಂಚಿಹೋಗಿರುವ ಮೆಮೊರಿಯನ್ನು ಪ್ಯಾಕೆಟ್ಟೆಂದು ತಿಳಿದು ಓದುತ್ತದೆ. ಸೋರಿಕೆ ಯಂತ್ರವನ್ನು ನಿಧಾನವಾಗಿ ಕೊಲ್ಲುತ್ತದೆ, ಇದು ಒಂದೇ ಏಟಿಗೆ.

ಮ್ಯಾಪಿಂಗ್ ವಿಫಲವಾಗುವ ಜಾಗವನ್ನು ಹತ್ತಿರದಿಂದ ನೋಡಿದರೆ ಕಷ್ಟ ಎಲ್ಲಿದೆ ಎಂದು ಗೊತ್ತಾಗುತ್ತದೆ. ದೊಡ್ಡ ಎಸ್‌ಕೆಬಿಯ ಬೈಟುಗಳು ಒಂದೇ ಕಡೆ ಇರುವುದಿಲ್ಲ. ತಲೆಯ ಭಾಗವೊಂದು, ಅದರ ಹಿಂದೆ ಬೇರೆ ಬೇರೆ ಪುಟಗಳಲ್ಲಿ ಹರಡಿದ ತುಣುಕುಗಳು. ಸಾಮಾನ್ಯ ಕರ್ನಲ್‌ನಲ್ಲಿ ಈ ತುಣುಕುಗಳು 17ರವರೆಗೂ ಇರಬಹುದು. ಒಂದೊಂದನ್ನೂ ಮ್ಯಾಪ್ ಮಾಡಿ ಒಂದೊಂದು ಡಿಸ್ಕ್ರಿಪ್ಟರ್ ತುಂಬುತ್ತ ಹೋಗಬೇಕು. ಒಂಬತ್ತನೆಯ ತುಣುಕಿನಲ್ಲಿ ಮ್ಯಾಪಿಂಗ್ ಕೈಕೊಟ್ಟಿತು ಎನ್ನಿ. ಈಗ ಹಿಂದಿನ ಎಂಟು ತುಣುಕುಗಳ ಮ್ಯಾಪಿಂಗನ್ನೂ ತಲೆಯ ಮ್ಯಾಪಿಂಗನ್ನೂ ಬಿಚ್ಚಬೇಕು. ತಲೆಯನ್ನು ಬಿಚ್ಚುವ ಕರೆ ಬೇರೆ, ಪುಟಗಳನ್ನು ಬಿಚ್ಚುವ ಕರೆ ಬೇರೆ, ಅದಲುಬದಲಾಗಬಾರದು. ರಿಂಗ್‌ನ ಸೂಚಿಯನ್ನು ಹೊರಟ ಜಾಗಕ್ಕೇ ಹಿಂದಕ್ಕೆ ತರಬೇಕು. ಸೂಚಿ ರಿಂಗ್‌ನ ಕೊನೆ ದಾಟಿ ಮೊದಲಿಗೆ ಸುತ್ತಿ ಬಂದಿದ್ದರೆ ಹಿಂದಕ್ಕೆ ಎಣಿಸುವಾಗ ಒಂದು ತಪ್ಪುವ ಸಂಭವ ಜಾಸ್ತಿ. ಅರ್ಧ ತುಂಬಿದ ಡಿಸ್ಕ್ರಿಪ್ಟರ್‌ಗಳನ್ನು ಕಾರ್ಡು ಕಣ್ಣು ಹಾಯಿಸಿ ಎತ್ತಿಕೊಳ್ಳದಂತೆ ಮೊದಲ ಡಿಸ್ಕ್ರಿಪ್ಟರ್‌ನ ಒಡೆತನದ ಬಿಟ್ಟನ್ನು ಕೊನೆಯವರೆಗೂ ಕಾರ್ಡಿಗೆ ಕೊಟ್ಟಿರಬಾರದು. ಇಷ್ಟೆಲ್ಲ ಆದ ಮೇಲೆ ಎಸ್‌ಕೆಬಿಯನ್ನು ಬಿಡಿಸಬೇಕು, ಬಿಸಾಡಿದ್ದನ್ನು ಎಣಿಸುವ ‘ಟಿಎಕ್ಸ್ ಡ್ರಾಪ್ಡ್’ ಕೌಂಟರ್‌ಗೆ ಒಂದು ಸೇರಿಸಬೇಕು, ಓಕೆ ಎಂದು ಮರಳಬೇಕು.

ಇಲ್ಲಿ ಬ್ಯುಸಿ ಎನ್ನಬಾರದೇ ಎಂದು ಹೊಸಬರು ಕೇಳುತ್ತಾರೆ. ಮೆಮೊರಿ ಸಿಗಲಿಲ್ಲ, ಇನ್ನೊಂದು ಸಲ ಪ್ರಯತ್ನಿಸಿದರೆ ಸಿಗಬಹುದು. ಸಿಗಬಹುದು ನಿಜ. ಆದರೆ ಬ್ಯುಸಿ ಎಂದೊಡನೆ ಮೇಲಿನ ಪದರ ಆ ಪ್ಯಾಕೆಟ್ಟನ್ನು ಕ್ಯೂನ ಮುಂಬಾಗಿಲಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಡ್ರೈವರನ್ನು ಕರೆಯುತ್ತದೆ. ಮ್ಯಾಪಿಂಗ್ ಸಂಪನ್ಮೂಲ ಯಾವಾಗ ಬಿಡುವಾಗುತ್ತದೆ ಎಂದು ತಿಳಿಸುವ ಇಂಟರಪ್ಟ್ ಯಾವುದೂ ಇಲ್ಲ. ಪ್ರೊಸೆಸರ್ ಬರಿದೇ ಸುತ್ತುತ್ತದೆ, ಹಿಂದಿನ ಪ್ಯಾಕೆಟ್ಟುಗಳೆಲ್ಲ ಈ ಒಂದಕ್ಕಾಗಿ ಕಾಯುತ್ತವೆ. ಡ್ರೈವರ್ ಸಾಮಾನ್ಯ ಸಂದರ್ಭದಲ್ಲಿ ಬ್ಯುಸಿ ಎನ್ನುವುದನ್ನೇ ಗಂಭೀರ ತಪ್ಪೆಂದು ಕರ್ನಲ್‌ನ ಡ್ರೈವರ್ ಕೈಪಿಡಿ ಹೇಳುತ್ತದೆ. ಜಾಗ ಮುಗಿಯುವ ಮೊದಲೇ ಡ್ರೈವರ್ ಕ್ಯೂವನ್ನು ನಿಲ್ಲಿಸಬೇಕು. ಜಾಗವಿಲ್ಲ ಎಂದು ಬಂದವರಿಗೆ ಹೇಳುವುದಲ್ಲ, ಜಾಗವಿಲ್ಲದಾಗ ಯಾರೂ ಬರದಂತೆ ನೋಡಿಕೊಳ್ಳುವುದು ಇಲ್ಲಿನ ಶಿಸ್ತು. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆ ನಿಲ್ಲಿಸುವ ಕೆಲಸದಲ್ಲೂ ಒಂದು ಸೂಕ್ಷ್ಮವಿದೆ. ಟ್ರಾನ್ಸ್‌ಮಿಟ್ ಫಂಕ್ಷನ್ ಒಂದು ಪ್ರೊಸೆಸರ್ ಮೇಲೆ ಓಡುತ್ತಿದೆ. ಕಳಿಸಿ ಮುಗಿದ ಪ್ಯಾಕೆಟ್ಟುಗಳನ್ನು ಗುಡಿಸುವ ಕೋಡ್ ಇನ್ನೊಂದರ ಮೇಲೆ. ಮೊದಲನೆಯದು ರಿಂಗ್ ನೋಡಿ, ಜಾಗ ಸಾಲದು, ಕ್ಯೂ ನಿಲ್ಲಿಸೋಣ ಎಂದುಕೊಂಡಿತು. ನೋಡಿದ ಕ್ಷಣಕ್ಕೂ ನಿಲ್ಲಿಸಿದ ಕ್ಷಣಕ್ಕೂ ನಡುವೆ ಎರಡನೆಯದು ಇಡೀ ರಿಂಗನ್ನು ಗುಡಿಸಿ ಖಾಲಿ ಮಾಡಿತು. ಕ್ಯೂ ನಿಂತಿದೆಯೇ ಎಂದು ನೋಡಿತು, ಆಗಿನ್ನೂ ನಿಂತಿರಲಿಲ್ಲ, ಎಬ್ಬಿಸುವ ಅಗತ್ಯವಿಲ್ಲವೆಂದು ಹೊರಟುಹೋಯಿತು. ಆಮೇಲೆ ಕ್ಯೂ ನಿಂತಿತು. ರಿಂಗ್‌ನಲ್ಲಿ ಏನೂ ಉಳಿದಿಲ್ಲವಾದ್ದರಿಂದ ಇನ್ನು ಇಂಟರಪ್ಟ್ ಬರುವುದಿಲ್ಲ, ಇಂಟರಪ್ಟ್ ಬಾರದೆ ಕ್ಯೂ ಏಳುವುದಿಲ್ಲ. ಕಾರ್ಡು ಚೆನ್ನಾಗಿದೆ, ಕೇಬಲ್ ಚೆನ್ನಾಗಿದೆ, ರಿಂಗ್ ಖಾಲಿಯಿದೆ, ಆದರೂ ಸರ್ವರ್ ಮಾತಾಡುವುದಿಲ್ಲ. ಪರಿಹಾರ ಸಣ್ಣದು: ಕ್ಯೂ ನಿಲ್ಲಿಸಿದ ಮೇಲೆ ಮೆಮೊರಿ ಬ್ಯಾರಿಯರ್ ಹಾಕಿ ಇನ್ನೊಂದು ಸಲ ರಿಂಗ್ ನೋಡಬೇಕು, ಜಾಗ ಕಂಡರೆ ತಾನೇ ಎಬ್ಬಿಸಬೇಕು. ಈ ನಾಲ್ಕೈದು ಸಾಲುಗಳನ್ನು ಡ್ರೈವರ್ ಬರೆಯುವವರು ವರ್ಷಾನುಗಟ್ಟಲೆ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡು ಬಂದರು, ನಕಲಿನಲ್ಲಿ ತಪ್ಪಿದವರೂ ಇದ್ದರು. 2023ರಲ್ಲಿ ಬಂದ 6.4 ಕರ್ನಲ್‌ನಲ್ಲಿ ಕೊನೆಗೂ ಇದಕ್ಕೆ ಎಲ್ಲರೂ ಬಳಸಬಹುದಾದ ಮ್ಯಾಕ್ರೊಗಳನ್ನು ಸೇರಿಸಿದರು. ಇಷ್ಟು ಮೂಲಭೂತ ಸಂಗತಿ ಹಂಚಿಕೆಯ ಕೋಡ್ ಆಗಲು ಅಷ್ಟು ಕಾಲ ಹಿಡಿಯಬಾರದಿತ್ತು.

ಇನ್ನು ಬಿಸಾಡುವುದು ಏಕೆ ಸರಿ ಎಂಬ ಮೂಲ ವಾದಕ್ಕೆ ಬರುತ್ತೇನೆ. ಎಂಐಟಿಯ ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1984ರಲ್ಲಿ ಪ್ರಕಟಿಸಿದ ‘ಎಂಡ್ ಟು ಎಂಡ್’ ಪ್ರಬಂಧ ಇಂದಿಗೂ ಇದಕ್ಕೆ ಆಧಾರ. ಸಂದೇಶ ಸರಿಯಾಗಿ ತಲುಪಿತೇ ಎಂದು ಖಚಿತವಾಗಿ ಹೇಳಬಲ್ಲವರು ಎರಡು ತುದಿಯಲ್ಲಿರುವವರು ಮಾತ್ರ. ನಡುವಿನ ಪದರಗಳು ಎಷ್ಟೇ ಹೆಣಗಿದರೂ ತುದಿಯವರು ಮತ್ತೆ ಪರೀಕ್ಷಿಸಲೇಬೇಕು. ಅಂದಮೇಲೆ ನಡುವೆ ಪಡುವ ಶ್ರಮಕ್ಕೆ ವೇಗದ ಬೆಲೆ ಉಂಟೇ ಹೊರತು ಖಾತರಿಯ ಬೆಲೆಯಿಲ್ಲ ಎನ್ನುವುದು ಅವರ ವಾದದ ತಿರುಳು. ಟಿಸಿಪಿ ಕಳೆದದ್ದನ್ನು ತಾನೇ ಮತ್ತೆ ಕಳಿಸುತ್ತದೆ. ಡ್ರೈವರ್ ಕೂಡ ಮತ್ತೆ ಮತ್ತೆ ಯತ್ನಿಸುತ್ತ ಕೂತರೆ ಒಂದೇ ಕೆಲಸವನ್ನು ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಮಾಡಿದ ಹಾಗಾಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು, ಪ್ಯಾಕೆಟ್ಟು ಬೀಳುವುದೇ ಒಂದು ಸುದ್ದಿ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಿಂದ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ, ಸುಮಾರು 400 ಗಜ ದೂರಕ್ಕೆ, ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ಸಂಪರ್ಕ 40 ಬಿಟ್‌ಗೆ ಇಳಿಯಿತು. ದಟ್ಟಣೆಯಾದಾಗಲೂ ಎಲ್ಲರೂ ಹಟ ಹಿಡಿದು ಮತ್ತೆ ಮತ್ತೆ ಕಳಿಸುತ್ತಿದ್ದುದೇ ಅದರ ಹಿಂದಿನ ಕಥೆ. ಅದನ್ನು ಬೆನ್ನುಹತ್ತಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಬರೆದ ಪ್ರಬಂಧ, ಪ್ಯಾಕೆಟ್ಟು ಕಳೆಯಿತೆಂದರೆ ದಾರಿ ತುಂಬಿದೆ ಎಂದು ತಿಳಿದು ವೇಗ ತಗ್ಗಿಸಬೇಕು ಎಂಬ ನಡವಳಿಕೆಯನ್ನು ಟಿಸಿಪಿಗೆ ಕಲಿಸಿತು. ಇವತ್ತಿನ ಇಂಟರ್ನೆಟ್ ನಿಂತಿರುವುದು ಬಹುಮಟ್ಟಿಗೆ ಆ ನಡವಳಿಕೆಯ ಮೇಲೆ. ಒಂದನ್ನೂ ಬೀಳಿಸದೆ ಎಲ್ಲವನ್ನೂ ದೊಡ್ಡ ಬಫರ್‌ನಲ್ಲಿ ಕೂಡಿಟ್ಟರೆ ಆ ಸುದ್ದಿ ತುದಿಗೆ ಮುಟ್ಟುವುದಿಲ್ಲ, ವಿಳಂಬ ಮಾತ್ರ ಬೆಳೆಯುತ್ತದೆ. ಜಿಮ್ ಗೆಟಿಸ್ 2010ರ ಹೊತ್ತಿಗೆ ‘ಬಫರ್‌ಬ್ಲೋಟ್’ ಎಂದು ಕರೆದು ಎಲ್ಲರ ಗಮನಕ್ಕೆ ತಂದದ್ದು ಈ ರೋಗವನ್ನೇ. 2012ರ 3.3 ಕರ್ನಲ್‌ನಲ್ಲಿ ಬಂದ ಬೈಟ್ ಕ್ಯೂ ಲಿಮಿಟ್ಸ್ ಎಂಬ ವ್ಯವಸ್ಥೆ ಡ್ರೈವರ್‌ನ ರಿಂಗ್‌ನಲ್ಲಿ ಎಷ್ಟು ಬೈಟು ಕೂರಬಹುದು ಎಂದು ಲೆಕ್ಕ ಹಾಕಿ ಕಡಿವಾಣ ಹಾಕುತ್ತದೆ.

ಈ ವ್ಯವಸ್ಥೆ ಬಂದ ಮೇಲೆ ಡ್ರೈವರ್‌ನ ಲೆಕ್ಕ ಇನ್ನಷ್ಟು ಕಟ್ಟುನಿಟ್ಟಾಯಿತು. ರಿಂಗ್‌ಗೆ ಹಾಕಿದಾಗ ಇಷ್ಟು ಬೈಟು ಎಂದು ಹೇಳಬೇಕು, ಗುಡಿಸಿದಾಗ ಇಷ್ಟು ಮುಗಿಯಿತು ಎಂದು ಹೇಳಬೇಕು. ಹಾಕಿದ್ದೇನೆ ಎಂದು ಹೇಳಿ, ಆಮೇಲೆ ಎರರ್ ದಾರಿಯಲ್ಲಿ ಬಿಸಾಡಿ, ಮುಗಿಯಿತು ಎನ್ನಲು ಮರೆತರೆ ಕ್ಯೂ ಶಾಶ್ವತವಾಗಿ ನಿಂತುಬಿಡುತ್ತದೆ. ಹಾಕಿದ್ದಕ್ಕಿಂತ ಹೆಚ್ಚು ಮುಗಿಯಿತು ಎಂದರೆ ಕರ್ನಲ್ ಅದನ್ನು ತನ್ನ ಬಗ್ ಎಂದು ಘೋಷಿಸಿ ಅಲ್ಲೇ ಕುಸಿಯುತ್ತದೆ. ಎಸ್‌ಕೆಬಿ ಬಿಡಿಸುವುದರಲ್ಲೂ ಹೀಗೇ. ಪ್ರೋಗ್ರಾಂ ಒಂದು ಸಲಕ್ಕೆ ಎಷ್ಟು ಕಳಿಸಬಹುದು ಎಂಬ ಮಿತಿ, ಅದು ಈವರೆಗೆ ಕಳಿಸಿದ ಎಸ್‌ಕೆಬಿಗಳು ಬಿಡುಗಡೆಯಾದಂತೆಲ್ಲ ಸಡಿಲವಾಗುತ್ತದೆ. ಇಂಟರಪ್ಟ್ ಉಳಿಸಲೆಂದು, ಮುಂದಿನ ಪ್ಯಾಕೆಟ್ಟು ಬಂದಾಗ ಹಿಂದಿನದನ್ನು ಗುಡಿಸಿದರಾಯಿತು ಎಂದು ಡ್ರೈವರ್ ಸುಮ್ಮನಿದ್ದರೆ ಏನಾಗುತ್ತದೆ? ಜಾಗ ಬಿಡುವಾಗಲಿ ಎಂದು ಪ್ರೋಗ್ರಾಂ ಕಾಯುತ್ತದೆ, ಹೊಸ ಪ್ಯಾಕೆಟ್ಟು ಬರಲಿ ಎಂದು ಡ್ರೈವರ್ ಕಾಯುತ್ತದೆ. ಇಬ್ಬರೂ ಏಳುವುದಿಲ್ಲ.

ಬಿಸಾಡುವುದನ್ನು ಒಪ್ಪದವರ ಮಾತನ್ನೂ ಕೇಳಬೇಕು. ಎಲ್ಲ ಪ್ಯಾಕೆಟ್ಟೂ ಟಿಸಿಪಿಯದಲ್ಲ. ಧ್ವನಿ ಕರೆ, ಡಿಎನ್‌ಎಸ್ ಪ್ರಶ್ನೆ, ಕಾರ್ಖಾನೆಯ ಸೆನ್ಸರ್ ಕಳಿಸುವ ಅಳತೆ ಯುಡಿಪಿಯಲ್ಲಿ ಹೋಗುತ್ತವೆ, ಅಲ್ಲಿ ಮತ್ತೆ ಕಳಿಸುವ ಹೊಣೆ ಪ್ರೋಗ್ರಾಂನದೇ. ಅದಕ್ಕೆ ತಿಳಿಸದೆ ಬಿಸಾಡಿದರೆ ಹೇಗೆ? ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಕ್ಯೂ ತುಂಬಿದರೆ ಅದೇ ಇನೋಬಫ್ಸ್ ಎರರ್ ಕೆಳಗಿನಿಂದ ಮೇಲಕ್ಕೆ, ಪ್ರೋಗ್ರಾಂವರೆಗೂ ಬರುತ್ತದೆ. ಲಿನಕ್ಸ್‌ನಲ್ಲೂ ಯುಡಿಪಿ ಸಾಕೆಟ್ಟು ತನಗೆ ಇಂಥ ಎರರ್ ಬೇಕೆಂದು ಒಂದು ಆಪ್ಷನ್ ಹಾಕಿ ಕೇಳಿಕೊಂಡರೆ ಸಿಗುತ್ತದೆ. ಇದು ಒಳ್ಳೆಯ ವಾದ, ಇದರಲ್ಲಿ ನ್ಯಾಯವಿದೆ. ಎರರ್ ಕೇಳದಿದ್ದವರಿಗೆ ಹೇಳದಿರುವ ಲಿನಕ್ಸ್‌ನ ಪದ್ಧತಿಗಿಂತ, ಹೇಳಿ, ಬೇಡದವರು ಕಡೆಗಣಿಸಲಿ ಎನ್ನುವ ಫ್ರೀಬಿಎಸ್‌ಡಿಯ ಪದ್ಧತಿಯೇ ಹೆಚ್ಚು ಪ್ರಾಮಾಣಿಕ ಎಂದು ನನಗನ್ನಿಸುತ್ತದೆ.

ಆದರೆ ಆ ಪ್ರಾಮಾಣಿಕತೆಗೆ ಮಿತಿಯಿದೆ. ಮರಳುವ ಎರರ್ ಹೇಳಬಲ್ಲದ್ದು ಆ ಕ್ಷಣದವರೆಗಿನ ಸುದ್ದಿಯನ್ನು ಮಾತ್ರ. ಪ್ಯಾಕೆಟ್ಟು ರಿಂಗ್ ಸೇರಿದ ಮೇಲೆ, ಪ್ರೋಗ್ರಾಂ ತನ್ನ ಮುಂದಿನ ಕೆಲಸಕ್ಕೆ ಹೋದ ಮೇಲೆ, ಕಾರ್ಡಿನೊಳಗೆ ಆಗುವ ತಪ್ಪುಗಳೇ ಬೇರೆ. ಹಳೆಯ, ಹಂಚಿಕೆಯ ತಂತಿಯ ಈಥರ್ನೆಟ್‌ನಲ್ಲಿ ಪ್ಯಾಕೆಟ್ಟುಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಕಾರ್ಡು ಅಷ್ಟಿಷ್ಟು ಕಾದು ಮತ್ತೆ ಯತ್ನಿಸುತ್ತಿತ್ತು, 16 ಯತ್ನವಾದ ಮೇಲೆ ಕೈಬಿಡುತ್ತಿತ್ತು. ಕಳಿಸುತ್ತಿರುವಾಗಲೇ ಕೇಬಲ್ ಕಿತ್ತರೆ ಕ್ಯಾರಿಯರ್ ಎರರ್. ಮೆಮೊರಿಯಿಂದ ಬೈಟುಗಳು ಬರುವ ವೇಗ ತಂತಿಯ ವೇಗಕ್ಕೆ ಸಾಲದೆ ಹೋದರೆ ಫೈಫೊ ಎರರ್. ಇವನ್ನು ಹಿಂದಿರುಗಿ ಹೇಳುವುದಕ್ಕೆ ಅಲ್ಲಿ ಯಾರೂ ಕಾಯುತ್ತಿಲ್ಲ. ಆಗ ಉಳಿಯುವುದು ಕೌಂಟರ್ ಒಂದೇ. ಅದಕ್ಕೇ ಕೌಂಟರ್‌ಗಳನ್ನು ನಾನು ಡ್ರೈವರ್‌ನ ಅಲಂಕಾರವೆಂದು ಎಣಿಸುವುದಿಲ್ಲ. ಪ್ಯಾಕೆಟ್ಟು ಕಳೆದುಹೋದ ಮೇಲೆ ಜಗತ್ತಿನಲ್ಲಿ ಅದರ ಬಗ್ಗೆ ಉಳಿಯುವ ಒಂದೇ ದಾಖಲೆ ಅದು.

ಆ ದಾಖಲೆಯ ಸ್ಥಿತಿ ಬೇಸರ ತರಿಸುವಂಥದ್ದು. ಯಾವುದನ್ನು ಡ್ರಾಪ್ ಎನ್ನಬೇಕು, ಯಾವುದನ್ನು ಎರರ್ ಎನ್ನಬೇಕು ಎಂದು ಕರ್ನಲ್ ಕೈಪಿಡಿ ವಿವರಿಸುತ್ತದೆ. ಸಂಪನ್ಮೂಲವಿಲ್ಲದೆ ಬಿಟ್ಟದ್ದು ಡ್ರಾಪ್, ಕಳಿಸಲು ಹೋಗಿ ಕೆಟ್ಟದ್ದು ಎರರ್. ಡ್ರೈವರ್‌ಗಳಲ್ಲಿ ನೋಡಿದರೆ ಒಂದು ಕಡೆ ಎರಡೂ ಏರುತ್ತವೆ, ಇನ್ನೊಂದು ಕಡೆ ಎರಡೂ ಏರುವುದಿಲ್ಲ. ಕಾರ್ಡಿನ ಕೌಂಟರ್‌ಗಳನ್ನು ನೋಡುವ ‘ಈಥ್‌ಟೂಲ್’ ಎಂಬ ಸಾಧನ ತೋರಿಸುವ ಪಟ್ಟಿಯಲ್ಲಿ ಒಂದೇ ತಪ್ಪಿಗೆ ಕಾರ್ಡಿಗೊಂದು ಹೆಸರು. ರಾತ್ರಿ ಎರಡು ಗಂಟೆಗೆ ಡೇಟಾ ಸೆಂಟರ್‌ನಲ್ಲಿ ತೊಂದರೆ ಹುಡುಕುತ್ತಿರುವ ಆಪರೇಟರ್‌ಗೆ ಈ ಹೆಸರುಗಳ ಹಿಂದಿನ ಅರ್ಥ ಡ್ರೈವರ್‌ನ ಕೋಡ್ ಓದದೆ ತಿಳಿಯುವುದಿಲ್ಲ, ಕೋಡ್ ಓದುವಷ್ಟು ಸಮಯ ಅವರಿಗಿರುವುದಿಲ್ಲ.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಎಸ್‌ಕೆಬಿಯನ್ನು ಬಿಡಿಸಲು ಲಿನಕ್ಸ್‌ನಲ್ಲಿ ಎರಡು ಕರೆಗಳಿವೆ: ‘ಕೆಫ್ರೀ’ ಬಳಗದ್ದೊಂದು, ‘ಕನ್ಸ್ಯೂಮ್’ ಬಳಗದ್ದೊಂದು. ಮೆಮೊರಿಯ ಮಟ್ಟಿಗೆ ಎರಡೂ ಮಾಡುವ ಕೆಲಸ ಒಂದೇ. ಮೊದಲನೆಯದನ್ನು ಬಳಸಿದರೆ ಈ ಪ್ಯಾಕೆಟ್ಟನ್ನು ಬಿಸಾಡಿದೆ ಎಂದು ದಾಖಲಾಗುತ್ತದೆ, ಎರಡನೆಯದನ್ನು ಬಳಸಿದರೆ ಕೆಲಸ ಮುಗಿಸಿ ಬಿಡುಗಡೆ ಮಾಡಿದೆ ಎಂದು. ಚೆನ್ನಾಗಿ ಹೋದ ಪ್ಯಾಕೆಟ್ಟುಗಳನ್ನೂ ಕೆಫ್ರೀ ಮಾಡುವ ಡ್ರೈವರ್ ಇದ್ದರೆ ಡ್ರಾಪ್ ಹುಡುಕುವ ಸಾಧನಗಳಲ್ಲಿ ಸುಳ್ಳು ಸಾವುಗಳೇ ತುಂಬುತ್ತವೆ, ನಿಜವಾಗಿ ಬಿದ್ದದ್ದು ಅದರಲ್ಲಿ ಕಾಣೆಯಾಗುತ್ತದೆ. 2022ರ 5.17 ಕರ್ನಲ್‌ನಿಂದ ಬಿಸಾಡುವಾಗ ಕಾರಣವನ್ನೂ ಸೇರಿಸಿ ಹೇಳುವ ವ್ಯವಸ್ಥೆ ಬಂದಿದೆ. ಮೇಲಿನ ಪದರಗಳು ಅದನ್ನು ಬೇಗ ಅಳವಡಿಸಿಕೊಂಡವು. ಡ್ರೈವರ್‌ಗಳೂ ಅದೇ ಶ್ರದ್ಧೆ ತೋರಿಸಬೇಕು.

ಕಾರ್ಡೇ ಮಂಕಾಗಿ ಕೂರುವುದುಂಟು. ಕ್ಯೂ ನಿಂತು, ಸಾಮಾನ್ಯವಾಗಿ 5 ಸೆಕೆಂಡು ಕಳೆದರೂ ಏನೂ ಹೊರಹೋಗದಿದ್ದರೆ ಕರ್ನಲ್‌ನ ವಾಚ್‌ಡಾಗ್ ಕೂಗುತ್ತದೆ, ಡ್ರೈವರ್‌ನ ಟೈಮ್‌ಔಟ್ ಫಂಕ್ಷನ್ ಓಡುತ್ತದೆ. ಇಂಟೆಲ್‌ನ ಇ1000ಇ ಡ್ರೈವರ್ ಇಂಥ ಹೊತ್ತಿನಲ್ಲಿ ‘ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್’ ಎಂದು ಲಾಗ್‌ಗೆ ಬರೆದು, ಕಾರ್ಡಿನ ತಲೆ-ಬಾಲದ ಸೂಚಿಗಳು ಎಲ್ಲಿವೆ, ತಾನು ಮುಂದೆ ತುಂಬಬೇಕಾದ ಮನೆ ಯಾವುದು, ಗುಡಿಸಬೇಕಾದ ಮನೆ ಯಾವುದು ಎಂದು ಸಂಖ್ಯೆಗಳ ಸಮೇತ ಹೇಳುತ್ತದೆ. ಇದು ಮೆಚ್ಚಬೇಕಾದ ನಡತೆ. ಎರಡು ಸೂಚಿಗಳನ್ನು ಹೋಲಿಸಿದರೆ ಕಾರ್ಡು ಡಿಸ್ಕ್ರಿಪ್ಟರ್ ಎತ್ತಿಕೊಳ್ಳುವುದನ್ನು ನಿಲ್ಲಿಸಿತೇ, ಇಲ್ಲ ಡ್ರೈವರ್ ಗುಡಿಸುವುದನ್ನು ನಿಲ್ಲಿಸಿತೇ ಎಂದು ಓದುವವರಿಗೆ ತಿಳಿಯುತ್ತದೆ. ಏನನ್ನೂ ಹೇಳದೆ ಕಾರ್ಡನ್ನು ರೀಸೆಟ್ ಮಾಡಿ ಮುಂದುವರಿಯುವ ಡ್ರೈವರ್‌ಗಳಿಗೆ ನನ್ನ ವಿರೋಧವಿದೆ. ರೀಸೆಟ್ ಆದಾಗ ರಿಂಗ್‌ನಲ್ಲಿದ್ದ ಪ್ಯಾಕೆಟ್ಟುಗಳೆಲ್ಲ ಹೋದವು, ಅವನ್ನೂ ಎಣಿಸಬೇಕು. ರೀಸೆಟ್‌ಗಳನ್ನೇ ಬೇರೆಯಾಗಿ ಎಣಿಸಬೇಕು. ಗಂಟೆಗೊಂದು ಸಲ ರೀಸೆಟ್ ಆಗುತ್ತ, ಮೇಲ್ನೋಟಕ್ಕೆ ಕೆಲಸ ಮಾಡುತ್ತಲೇ ಇರುವ ಕಾರ್ಡು, ಸತ್ತು ಬಿದ್ದ ಕಾರ್ಡಿಗಿಂತ ಹೆಚ್ಚು ಜನರ ಸಮಯ ತಿನ್ನುತ್ತದೆ.

ಪ್ಯಾಕೆಟ್ಟು ಬೀಳುವುದಕ್ಕಿಂತ ಕೆಟ್ಟದ್ದು ಅದು ಕೆಟ್ಟು ತಲುಪುವುದು. 1984ರ ಆ ಪ್ರಬಂಧದಲ್ಲೇ ಇದಕ್ಕೊಂದು ಉದಾಹರಣೆಯಿದೆ. ಎಂಐಟಿಯ ಹಲವು ನೆಟ್‌ವರ್ಕುಗಳನ್ನು ಜೋಡಿಸುತ್ತಿದ್ದ ಗೇಟ್‌ವೇ ಕಂಪ್ಯೂಟರೊಂದರಲ್ಲಿ, ಒಂದು ಬಫರ್‌ನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಸುಮಾರು ಹತ್ತು ಲಕ್ಷ ಬೈಟಿಗೊಮ್ಮೆ ಅಕ್ಕಪಕ್ಕದ ಎರಡು ಬೈಟುಗಳು ಅದಲುಬದಲಾಗುತ್ತಿದ್ದವು. ಪ್ರತಿ ತಂತಿಯ ಮೇಲೂ ಚೆಕ್‌ಸಮ್ ಇತ್ತು, ಎಲ್ಲವೂ ಸರಿಯಿದೆ ಎನ್ನುತ್ತಿತ್ತು. ತಪ್ಪು ಆಗುತ್ತಿದ್ದುದು ತಂತಿಯ ಮೇಲಲ್ಲ, ಯಂತ್ರದ ಒಳಗೆ. ಒಂದು ಆಪರೇಟಿಂಗ್ ಸಿಸ್ಟಂನ ಸೋರ್ಸ್ ಫೈಲ್‌ಗಳು ಹೀಗೆ ಕೆಟ್ಟವು, ಕೊನೆಗೆ ಹಳೆಯ ಮುದ್ರಿತ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಿನಿಂದ ಹೋಲಿಸಿ ತಿದ್ದಬೇಕಾಯಿತು. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಇಂಟರ್ನೆಟ್‌ನ ಪ್ಯಾಕೆಟ್ಟುಗಳನ್ನು ಪರೀಕ್ಷಿಸಿ, 1,100ಕ್ಕೊಂದರಿಂದ 32,000ಕ್ಕೊಂದರವರೆಗೆ ಟಿಸಿಪಿ ಚೆಕ್‌ಸಮ್‌ನಲ್ಲಿ ಸೋಲುತ್ತಿವೆ ಎಂದು ಕಂಡುಕೊಂಡರು. ಅಷ್ಟು ತಪ್ಪು ತಂತಿಯ ಮಟ್ಟದ ಪರೀಕ್ಷೆಯನ್ನು ದಾಟಿ ಬರುವ ಸಾಧ್ಯತೆಯೇ ಇರಲಿಲ್ಲ. ಹಾಗಾಗಿ ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್‌ಗಳ ಒಳಗಡೆ, ತಂತಿಗೆ ಇಳಿಯುವ ಮೊದಲು ಅಥವಾ ಇಳಿದ ಮೇಲೆ ಆಗುವ ತಪ್ಪುಗಳ ಕಡೆಗೆ ಅವರು ಬೊಟ್ಟು ಮಾಡಿದರು.

ಇಂದು ಟಿಸಿಪಿ ಚೆಕ್‌ಸಮ್ ಲೆಕ್ಕ ಹಾಕುವ ಕೆಲಸವನ್ನೂ ಕಾರ್ಡಿಗೇ ಒಪ್ಪಿಸಿದ್ದೇವೆ. ಮೆಮೊರಿಯಲ್ಲಿ ಕೆಟ್ಟ ಬೈಟುಗಳಿಗೆ ಕಾರ್ಡು ಹೊಸದಾಗಿ, ಸರಿಯಾದ ಚೆಕ್‌ಸಮ್ ಹಾಕಿ ಕಳಿಸಿದರೆ ತುದಿಯಲ್ಲಿರುವವರೂ ಅದನ್ನು ನಂಬುತ್ತಾರೆ. ಡ್ರೈವರ್ ಮ್ಯಾಪಿಂಗ್ ಬೇಗ ಬಿಚ್ಚಿದರೆ, ಎಸ್‌ಕೆಬಿಯನ್ನು ಕಾರ್ಡು ಓದಿ ಮುಗಿಸುವ ಮೊದಲೇ ಬಿಡಿಸಿದರೆ ಆಗುವುದು ಇದೇ: ಬೇರೆ ಯಾರದೋ ಮೆಮೊರಿಯ ಬೈಟುಗಳು ಸರಿಯಾದ ಮೊಹರಿನೊಂದಿಗೆ ಹೊರಗೆ ಹೋಗುತ್ತವೆ. ಸಂದೇಹ ಬಂದಾಗ ಬಿಸಾಡಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದು ದೊಡ್ಡ ಕಾರಣ. ಬಿದ್ದ ಪ್ಯಾಕೆಟ್ಟನ್ನು ಟಿಸಿಪಿ ಮರಳಿ ತರುತ್ತದೆ. ಕೆಟ್ಟು ಹೋದದ್ದನ್ನು ಯಾರೂ ತರಲಾರರು.

ಇಷ್ಟೆಲ್ಲ ತಿಳಿದೂ ಈ ತಪ್ಪುಗಳು ಏಕೆ ಉಳಿಯುತ್ತವೆ? ಆ ದಾರಿಗಳು ಓಡುವುದೇ ಇಲ್ಲವಲ್ಲ. ಮೇಜಿನ ಮೇಲಿನ ಸಾಮಾನ್ಯ ಪಿಸಿಯಲ್ಲಿ ಡಿಎಂಎ ಮ್ಯಾಪಿಂಗ್ ಎಂದರೆ ಬಹುತೇಕ ವಿಳಾಸದ ಒಂದು ಲೆಕ್ಕ, ಅದು ವಿಫಲವಾಗುವುದು ಅಪರೂಪ. ಡ್ರೈವರ್ ಬರೆದವರ ಟೇಬಲ್ಲಿನಲ್ಲಿ ಆ ಎರರ್ ದಾರಿ ಒಂದು ಸಲವೂ ಓಡದೆ ಬಿಡುಗಡೆಯಾಗುತ್ತದೆ, ಹತ್ತು ವರ್ಷ ಹಾಗೇ ಇರುತ್ತದೆ. ಆಮೇಲೆ ಪರಿಸ್ಥಿತಿ ಬದಲಾಗುತ್ತದೆ. ಎಎಂಡಿಯ ಎಸ್‌ಇವಿ, ಇಂಟೆಲ್‌ನ ಟಿಡಿಎಕ್ಸ್ ಬಳಸಿ ಮೆಮೊರಿಯನ್ನೇ ಗೂಢಲಿಪಿಯಲ್ಲಿಡುವ ವರ್ಚುವಲ್ ಯಂತ್ರಗಳು ಈಗ ಕ್ಲೌಡ್‌ನಲ್ಲಿ ಓಡುತ್ತಿವೆ. ಅಲ್ಲಿ ಹೊರಗಿನ ಸಾಧನ ಯಂತ್ರದ ಮೆಮೊರಿಯನ್ನು ನೇರವಾಗಿ ಓದಲಾರದು. ಕಳಿಸುವ ಬೈಟುಗಳನ್ನು ಎಸ್‌ಡಬ್ಲ್ಯುಐಒಟಿಎಲ್‌ಬಿ ಎಂಬ ಹಂಚಿಕೆಯ ಬಫರ್‌ಗೆ ನಕಲು ಮಾಡಿ ಅಲ್ಲಿಂದ ಕೊಡಬೇಕು. ಲಿನಕ್ಸ್‌ನಲ್ಲಿ ಅದರ ಮೂಲ ಗಾತ್ರ 64 ಎಂಬಿ. ಒತ್ತಡ ಬಿದ್ದಾಗ ಅದು ತುಂಬುತ್ತದೆ, ಮ್ಯಾಪಿಂಗ್ ವಿಫಲವಾಗುತ್ತದೆ, ಹತ್ತು ವರ್ಷ ಯಾರೂ ತುಳಿಯದ ದಾರಿಯಲ್ಲಿ ದಿನಕ್ಕೆ ಸಾವಿರಾರು ಪ್ಯಾಕೆಟ್ಟುಗಳು ಓಡತೊಡಗುತ್ತವೆ.

ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2001ರಲ್ಲಿ ಲಿನಕ್ಸ್ ಕರ್ನಲ್ಲನ್ನು ಸಾಫ್ಟ್‌ವೇರ್ ಸಾಧನದಿಂದ ಜಾಲಾಡಿ, ಡ್ರೈವರ್‌ಗಳಲ್ಲಿ ತಪ್ಪಿನ ಪ್ರಮಾಣ ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟಿನವರೆಗೂ ಇದೆ ಎಂದು ವರದಿ ಮಾಡಿದರು. ಟೊರಾಂಟೊ ವಿಶ್ವವಿದ್ಯಾಲಯದ ತಂಡವೊಂದು 2014ರಲ್ಲಿ ಐದು ದೊಡ್ಡ ವಿತರಿತ ವ್ಯವಸ್ಥೆಗಳ 198 ವೈಫಲ್ಯಗಳನ್ನು ಅಧ್ಯಯನ ಮಾಡಿತು. ಅವು ಡ್ರೈವರ್‌ಗಳಲ್ಲ, ಡೇಟಾಬೇಸ್‌ನಂಥವು. ಆದರೂ ಅವರು ಕಂಡದ್ದು ಇಲ್ಲಿಗೂ ಸಲ್ಲುತ್ತದೆ. ಇಡೀ ವ್ಯವಸ್ಥೆಯೇ ಕುಸಿದ ಪ್ರಕರಣಗಳಲ್ಲಿ ಶೇ. 92ರಷ್ಟಕ್ಕೆ ಕಾರಣ, ಪ್ರಾಣಾಂತಿಕವೇನೂ ಅಲ್ಲದ, ಸಾಫ್ಟ್‌ವೇರ್ ತಾನೇ ಎತ್ತಿ ತೋರಿಸಿದ್ದ ಎರರನ್ನು ತಪ್ಪಾಗಿ ನಿಭಾಯಿಸಿದ್ದು. ಶೇ. 58ರಷ್ಟು ಪ್ರಕರಣಗಳಲ್ಲಿ ಎರರ್ ನಿಭಾಯಿಸುವ ಕೋಡನ್ನು ಸರಳವಾಗಿ ಪರೀಕ್ಷಿಸಿದ್ದರೂ ತಪ್ಪು ಸಿಗುತ್ತಿತ್ತು.

ಪರೀಕ್ಷಿಸಲು ಸಾಧನವಿಲ್ಲ ಎನ್ನುವಂತಿಲ್ಲ. ಮೆಮೊರಿ ಕೇಳಿದಾಗ ಬೇಕೆಂದೇ ಇಲ್ಲ ಎನ್ನುವ ‘ಫೇಲ್‌ಸ್ಲ್ಯಾಬ್’ ಲಿನಕ್ಸ್‌ನಲ್ಲಿ 2006ರ ಕೊನೆಯಿಂದ ಇದೆ. ಮ್ಯಾಪಿಂಗ್ ಮಾಡಿ ಅದು ಸರಿಯಾಯಿತೇ ಎಂದು ನೋಡದ ಡ್ರೈವರನ್ನು ಹೆಸರು ಹಿಡಿದು ಹೇಳುವ ಡಿಎಂಎ ಡೀಬಗ್ ವ್ಯವಸ್ಥೆಯಿದೆ. ಬಿಡಿಸಿದ ಮೆಮೊರಿಯನ್ನು ಮುಟ್ಟಿದರೆ ಹಿಡಿಯುವ ಕೇಸ್ಯಾನ್ ಇದೆ. ಗೂಗಲ್‌ನ ಸಿಜ್‌ಕಾಲರ್ ಇವನ್ನೆಲ್ಲ ಜೋಡಿಸಿಕೊಂಡು ಹಗಲೂ ರಾತ್ರಿ ಕರ್ನಲ್‌ನ ತಪ್ಪು ಹುಡುಕುತ್ತಿದೆ. ಕೊರತೆಯಿರುವುದು ನಿಯಮದಲ್ಲಿ. ಹೊಸ ಡ್ರೈವರ್ ಒಪ್ಪಿಸುವವರು ಎಷ್ಟು ಗಿಗಾಬಿಟ್ ವೇಗ ಬಂತು ಎಂದು ತೋರಿಸುತ್ತಾರೆ. ಮ್ಯಾಪಿಂಗ್ ಎಲ್ಲ ಹಂತದಲ್ಲೂ ವಿಫಲವಾಗುವಂತೆ ಮಾಡಿ ಒಂದು ಗಂಟೆ ಓಡಿಸಿದೆ, ಒಂದು ಎಸ್‌ಕೆಬಿಯೂ ಸೋರಲಿಲ್ಲ, ಕೌಂಟರ್ ಮತ್ತು ಬಿದ್ದ ಪ್ಯಾಕೆಟ್ಟುಗಳ ಲೆಕ್ಕ ತಾಳೆಯಾಯಿತು ಎಂದು ತೋರಿಸಬೇಕೆಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಕೇಳಿದರೆ ಆ ಒಂದೇ ಸಾಲಿನ ಪ್ಯಾಚುಗಳು ಪ್ರತಿ ವರ್ಷ ಬರುವುದು ನಿಲ್ಲುತ್ತದೆ.

ಜಗತ್ತಿನ ನೆಟ್‌ವರ್ಕ್ ಕಾರ್ಡುಗಳಿಗೆ ಬೇಕಾದ ಡ್ರೈವರ್‌ನ ಕೆಲಸ ಸಾಕಷ್ಟು ನಡೆಯುವುದು ಬೆಂಗಳೂರಿನಲ್ಲಿ. ಇದನ್ನು ಓದುತ್ತಿರುವವರಲ್ಲಿ ಆ ಕೆಲಸದವರು ಇದ್ದಾರೆಂದು ನಂಬಿ ಕೇಳುತ್ತಿದ್ದೇನೆ. ಮುಂದಿನ ಸಲ ಸಹೋದ್ಯೋಗಿಯ ಟ್ರಾನ್ಸ್‌ಮಿಟ್ ಫಂಕ್ಷನ್ ರಿವ್ಯೂಗೆ ಬಂದಾಗ ಅದನ್ನು ಕೆಳಗಿನಿಂದ ಓದಲು ಶುರುಮಾಡಿ. ಕೊನೆಯಲ್ಲಿರುವ ಎರರ್ ಲೇಬಲ್‌ನಿಂದ ಹೊರಟು, ಅಲ್ಲಿಗೆ ಜಿಗಿಯುವ ಒಂದೊಂದು ಜಾಗವನ್ನೂ ಹುಡುಕಿ, ಆ ಕ್ಷಣಕ್ಕೆ ಎಷ್ಟು ತುಣುಕು ಮ್ಯಾಪ್ ಆಗಿವೆ, ಎಸ್‌ಕೆಬಿ ಯಾರದು, ಯಾವ ಕೌಂಟರ್ ಏರುತ್ತದೆ ಎಂದು ಕೇಳಿ. ಉತ್ತರ ಸಿಗುವವರೆಗೆ ಒಪ್ಪಿಗೆ ಕೊಡಬೇಡಿ.